ಬೆರಳಿಟ್ಟ ಸಾಲು

ಮಂಜೇಶ್ವರದಾಚೆ, ಹೊಳೆ ತಿರುಗುವಲ್ಲಿ, ಆ ಇಗರ್ಜಿ.
ಬಲಗೋಡೆಯಲ್ಲಿ, ಕರೆಂಟಿನ ಮೀಟರಿಗೆ ಒತ್ತಿಕೊಂಡು,
ಒಬ್ಬ ಮುದುಕ ಓದುತ್ತಿದ್ದಾನೆ.
ಬೋಳುತಲೆ, ಎದೆವರೆಗೆ ಗಡ್ಡ,
ಹೆಗಲಿಂದ ಜಾರಿದ ಕೆಂಪು ಬಟ್ಟೆ,
ಕಾಗದ ಹಾರದಂತೆ ಇಟ್ಟ ಹಾಗೆ ಒಂದು ತಲೆಬುರುಡೆ.
ಕಾಲ ಬುಡದಲ್ಲಿ ಸಿಂಹ.
ಸಿಂಹವನ್ನೇ ಕಾಣದವನು ಬರೆದ ಸಿಂಹ,
ಬೀದಿನಾಯಿಯ ಮೋರೆಗೆ ಕೇಸರ ಹೊಲಿದದ್ದು.

ನಾನು ಬಂದದ್ದು ಚಿತ್ರ ನೋಡಲಿಕ್ಕಲ್ಲ.
ರಿಜಿಸ್ಟ್ರಾಫೀಸಿನ ಎದುರು ಆಧಾರ ಬರೆಯುವವ ನಾನು;
ಒಂದು ಜ್ಞಾನಸ್ನಾನದ ದಾಖಲೆ ಬೇಕು,
ಪಾದ್ರಿಗಳು ಇನ್ನೂ ಬಂದಿಲ್ಲ.

ಗಂಟೆ ಹೊಡೆಯುವ ಬೊನಿಫಾಸ್ ಮೊಂತೇರೊ ಹೇಳಿದ:
'ಸಾಂ ಜೆರೊಮ್. ದೇವರ ಮಾತನ್ನು
ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸಿದವರು.
ನನ್ನಮ್ಮ ಬುರುಡೆ ನೋಡಿ ಶಿಲುಬೆಯ ಗುರುತು ಮಾಡುತ್ತಿದ್ದಳು.
ಮಕ್ಕಳಿಗೆ ಸಿಂಹದ ಬೆರಳೆಣಿಸುವುದೇ ಕೆಲಸ,
ಒಂದು ಪಂಜದಲ್ಲಿ ಆರಿದೆ.
ಪಾದ್ರಿಗಳು ಏಕಾಂತ ಅಂತಾರೆ.'

ಏಕಾಂತವೆ?
ನನಗೆ ಕಂಡದ್ದು ಅವನ ತೋರುಬೆರಳು.
ಓದುವವನ ಬೆರಳು ಸರಿಯುತ್ತದೆ ಮಾರಾಯ,
ಇದು ನಿಂತಿದೆ.

ಈ ನಿಲ್ಲುವುದು ನನಗೆ ಗೊತ್ತು.
ಅಜ್ಜಂದಿರ ಕನ್ನಡದ ಪತ್ರವನ್ನು
ಮೊಮ್ಮಕ್ಕಳ ಕೋರ್ಟಿಗೆಂದು ಮಲಯಾಳಕ್ಕೆ ತರುವಾಗ
ಮೂಲಗೇಣಿ ದಾಟುತ್ತದೆ, ಹೇಗೋ ಚಾಲಗೇಣಿಯೂ;
'ಕುಮ್ಕಿ' ಎಂಬಲ್ಲಿ ಬೆರಳು ಊರಿಬಿಡುತ್ತದೆ.
ಹಕ್ಕು ಅಂದರೆ ಜಾಸ್ತಿಯಾಯಿತು,
ಸೊಪ್ಪು ತರುವ ಗುಡ್ಡ ಅಂದರೆ ಕಡಿಮೆ.
ತನ್ನದಲ್ಲ, ಆದರೂ ತನ್ನ ವರ್ಗದ ಮಗ್ಗುಲಲ್ಲೇ
ಮಲಗಿಕೊಂಡ ನೆಲ.
ಕೊನೆಗೆ ಅದೇ ಶಬ್ದವನ್ನು ಅವರ ಲಿಪಿಯಲ್ಲಿ ಕೂರಿಸಿ
ಟೀ ಕುಡಿಯಲಿಕ್ಕೆ ಹೋಗುತ್ತೇನೆ.

ಮತ್ತೆ ಸಿಂಹದ ಕಡೆ ನೋಡಿದೆ.
ಅದೂ ಅವನದಲ್ಲ.

ಮೊಬೈಲಿನ ಬೆಳಕು ಹಿಡಿದು ಹತ್ತಿರ ಹೋದೆ:
ಪುಸ್ತಕದಲ್ಲಿ ಅಕ್ಷರವೇ ಇಲ್ಲ!
ಹೀಬ್ರೂ ಅಲ್ಲ, ಲತೀನ್ ಅಲ್ಲ, ಕೊಂಕಣಿಯೂ ಅಲ್ಲ,
ಕಂದು ಗೀಟುಗಳು, ಬೆಲ್ಲ ಕಂಡ ಇರುವೆಯ ಸಾಲು.
ಬೆರಳ ತುದಿಯಲ್ಲಿ ಮಾತ್ರ
ಬಣ್ಣ ಸುಲಿದು ಹಿಂದಿನ ಬಟ್ಟೆ ಕಾಣುತ್ತದೆ.
ಯಾರೋ ಮುಟ್ಟಿ ಮುಟ್ಟಿ ಸವೆಸಿದ್ದು.
'ಪರೀಕ್ಷೆಗೆ ಮೊದಲು ಎಲ್ಲರೂ ಮುಟ್ಟುತ್ತೇವೆ,
ನಾನೂ ಎಸ್ಸೆಲ್ಸಿಗೆ ಮುಟ್ಟಿದ್ದೆ,' ಎಂದ ಬೊನಿಫಾಸ್,
'ಫೇಲು.'

ಪಾದ್ರಿಗಳ ಸ್ಕೂಟರು ಬಂತು. ಕಪಾಟು ತೆರೆಯಿತು.
ಪುಟ ನೂರ ಹನ್ನೆರಡು. ಮಸಿ ತುಕ್ಕಿನ ಬಣ್ಣ.
ಮಗುವಿನ ಹೆಸರು ನತಾಲ್—
ಆಮೇಲಿನದ್ದನ್ನು ಹುಳ ತಿಂದಿದೆ.
ಗಂಡಾದರೆ ನತಾಲ್, ಅಷ್ಟೇ.
ಹೆಣ್ಣಾದರೆ ಇನ್ನೆರಡು ಅಕ್ಷರ,
ಹಾಗೂ ಹದಿನೆಂಟು ಸೆಂಟ್ಸು ಜಾಗದ ವಾರಸು
ಇನ್ನೊಂದು ಮನೆಗೆ.

'ಸಿಕ್ಕಿತಾ?' ಪಾದ್ರಿಗಳು ಕೇಳಿದರು.
'ಸ್ವಲ್ಪ ನಿಲ್ಲಿ,' ಎಂದೆ.

ಬೊನಿಫಾಸ್ ತಲೆಯ ಮೇಲಿನ ಬಲ್ಬು ಹಾಕಿದ.
ಏನೂ ಉಪಯೋಗವಾಗಲಿಲ್ಲ:
ತಿಂದುಹೋದ ಆ ತೂತಿನ ಮೇಲೆ
ಉರುಟಾಗಿ ಬಿತ್ತು
ನನ್ನದೇ ಬೋಳುತಲೆಯ ನೆರಳು.