ವಲ್ಲಿಯ ಕೆಳಗೆ

ದಾವಣಗೆರೆಯ ಅರಳೆ ಪೇಟೆಯಲ್ಲಿ
ಅಡಿವೆಪ್ಪನವರ ಮಂಡಿಗೆ ಪೇಪರು ಓದುವ ಹುಡುಗ ನಾನು.
ತಿಂಗಳಿಗೆ ಎರಡು ರೂಪಾಯಿ, ದಿನಕ್ಕೆ ಅರ್ಧ ಕಪ್ ಚಾ.
ಮೇಲ್ ಗಾಡಿ ಇಳಿಸಿ ಹೋದ ನಿನ್ನೆಯ ಸುದ್ದಿಯನ್ನು
ಇವತ್ತಿನದೆಂಬಂತೆ ಗಟ್ಟಿಯಾಗಿ ಓದಬೇಕು,
ಜಿನ್ನಿನ ಸದ್ದಿಗೂ ಮೇಲೆ.

ಅಬಿಸೀನಿಯಾ ಎಂಬಲ್ಲಿ ಮೊದಲ ಸಲ ನಾಲಿಗೆ ತೊಡರಿತು.
"ಎಲ್ಲೈತಲೇ ಅದು?"
ಗೊತ್ತಿರಲಿಲ್ಲ. ಮಾಸ್ತರರ ನಕಾಶೆಯಲ್ಲಿ
ಆ ಜಾಗಕ್ಕೆ ಗೆದ್ದಲು ಹಿಡಿದಿತ್ತು.
"ದೂರು ಕೊಟ್ರಂತಾ?"
ಕೊಟ್ಟರು, ಜಿನೀವಾದಲ್ಲಿ, ಐವತ್ತು ದೇಶದ ಪಂಚರ ಮುಂದೆ.
"ಏನಂದ್ರು ಪಂಚರು?"
ತಪ್ಪು ಅಂದರು, ದಂಡ ಹಾಕಿದರು,
ಎಣ್ಣೆ ಮಾತ್ರ ಮಾರುತ್ತಲೇ ಇದ್ದರು.
ಎಲೆಗೆ ಸುಣ್ಣ ಸವರುತ್ತ ನಕ್ಕರು ಅಡಿವೆಪ್ಪನವರು:
"ಹಂಗಾರೆ ಮುಗೀತು. ಇನ್ನು ಎಲ್ರೂ ನೇಗ್ಲು ಕಟ್ತಾರೆ."

ಅವರು ಜಗತ್ತನ್ನು ಅಳೆಯುತ್ತಿದ್ದುದು ಬದುವಿನಿಂದ.
ಬದು ಒತ್ತುವವನು ಒಂದೇ ದಿನಕ್ಕೆ ಹೊಲ ನುಂಗುವುದಿಲ್ಲ.
ಮುಂಗಾರಿಗೆ ಒಂದು ಸಾಲು. ಯಾರೂ ಕೆಮ್ಮದಿದ್ದರೆ
ಹಿಂಗಾರಿಗೆ ಎರಡು. ಆಮೇಲೆ ಬನ್ನಿಗಿಡ ತೋರಿಸಿ
ನಮ್ಮಜ್ಜ ನೆಟ್ಟದ್ದು ಅನ್ನುತ್ತಾನೆ.
ಗಡಿಕಲ್ಲು ಒಂದು ಅಮಾಸೆ ರಾತ್ರಿ ನಡೆಯಲು ಕಲಿಯುತ್ತದೆ.

ರೈನ್ ನದಿಯ ದಂಡೆ, ಒಂದು ಸಾಲು.
ಆಸ್ಟ್ರಿಯಾ, ಬನ್ನಿಗಿಡ.
ಆಚೆ ಚೀನಾದಲ್ಲಿ ಜಪಾನಿನವರು ಬದುವನ್ನೇ ಉತ್ತರು.
ನಮ್ಮ ಅಂಡಿಗೆಗಳು ಮುಂಬಯಿ ದಾಟಿ
ಕೋಬೆ ಬಂದರಿಗೇ ಹೋಗುತ್ತಿದ್ದವು; ಬೆಲೆ ಒಳ್ಳೆಯದಿತ್ತು.
ಆ ಸುದ್ದಿ ಓದಿದಾಗ ಅಡಿವೆಪ್ಪನವರು
ಚಾ ಆರಿದೆಯೆಂದು ತಂದವನನ್ನು ಬೈದರು.

ಮೂವತ್ತೆಂಟರ ದಸರೆಯ ವಾರ.
ಮ್ಯೂನಿಕ್‌ನಲ್ಲಿ ನಾಲ್ಕು ದೇಶದ ದೊಡ್ಡವರು ಕೂತರು, ಶಾಂತಿಯಾಯಿತು.
ಚಿತ್ರದಲ್ಲಿ ವಿಮಾನದ ಪಕ್ಕ ಹಾಳೆ ಬೀಸುವ ಒಂದು ಕೈ.
ಅಡಿವೆಪ್ಪನವರು ಹೆಗಲ ವಲ್ಲಿ ತೆಗೆದು ನನ್ನ ಕೈ ಮೇಲೆ ಹಾಸಿ
ಎತ್ತಿನ ಸಂತೆಯ ದಲ್ಲಾಳಿಗಳಂತೆ ಕೆಳಗೆ ಬೆರಳು ಹಿಡಿದರು:
ಒಂದು, ಎರಡು, ಆಮೇಲೆ ಇಡೀ ಅಂಗೈ.
"ಎತ್ತಿನ ಧಣಿ ಎಲ್ಲಿದ್ದ?"
ಝೆಕ್ ದೇಶದವರನ್ನು ಒಳಗೆ ಕರೆಯಲಿಲ್ಲ, ಓದಿದೆ.
ಹೊರಗೆ ಕೂರಿಸಿ, ಸರಿರಾತ್ರಿ ಕಳೆದ ಮೇಲೆ ತೀರ್ಪು ಕೈಗಿಟ್ಟರು.
"ಮೂಗುದಾರ ಕೈ ಬದಲಾತು," ಅಂದರು,
"ಧಣಿ ಇನ್ನೂ ಹುಲ್ಲು ತರಾಕೆ ಹೋಗ್ಯಾನೆ."

ಎಲ್ಲ ಗೊತ್ತಿತ್ತು ಅವರಿಗೆ. ಗೊತ್ತಿರಲೇಬೇಕಿತ್ತು.
ಆನಗೋಡಿನಲ್ಲಿ ನಮ್ಮ ಚಿಕ್ಕವ್ವ ಹೊನ್ನೂರವ್ವನ ಎರಡೆಕರೆ
ಅವರ ಎರೆಹೊಲಕ್ಕೆ ಅಂಟಿಕೊಂಡಿತ್ತು.
ಪಂಚರು ಚಾವಡಿಯಲ್ಲಿ ಮಂಡಕ್ಕಿ ತಿಂದು, ಕೈ ಕೊಡವಿ ಹೇಳಿದ್ದರು:
"ಎರಡು ಮಾರು ಬಿಟ್ಟುಬಿಡವ್ವ, ಊರು ತಣ್ಣಗಿರಲಿ."
ಊರು ತಣ್ಣಗಿತ್ತು.
ಮೂರನೇ ವರ್ಷ ಬಾವಿಯೂ ಅವರ ಕಡೆಗಾಯಿತು.
ನನಗೆ ಆ ಎರಡು ರೂಪಾಯಿ ಬೇಕಿತ್ತು. ಓದುತ್ತಿದ್ದೆ.

ಪೋಲೆಂಡಿನ ಸುದ್ದಿ ಬಂದ ಬೆಳಗ್ಗೆ
ಅಡಿವೆಪ್ಪನವರು ಬೆರಳು ಕೇಳಲಿಲ್ಲ, ಗಾದೆ ಹೇಳಲಿಲ್ಲ.
ಎದ್ದು ಹೋಗಿ ಗೋದಾಮಿಗೆ ಬೀಗ ಹಾಕಿಸಿದರು.
ಬಾಗಿಲಲ್ಲಿ ನಿಂತವರು ನಿಂತೇ ಇದ್ದರು. ಸಂಜೆಗೆ ಅರಳೆ ಏರಿತು.
ಮಿಲ್ಲಿನ ಮಗ್ಗಗಳು ಧೋತರ ಬಿಟ್ಟು ಖಾಕಿ ಕಲಿತವು.
ಭಟ್ಟಿಯ ದಸ್ತಗೀರ ಹೊಟ್ಟಿನ ಹೊಗೆಗೆ ಬೇಸತ್ತು
ಲಾರಿ ಓಡಿಸಲು ಪಲ್ಟನ್ ಸೇರಿದ.
ತೊಬ್ರುಕ್ ಕಡೆಯಿಂದ ಒಂದು ಕಾರ್ಡು ಬಂತು:
ಇಲ್ಲಿ ಮರಳು ಬೇಕಾದಷ್ಟು ಕಾದೈತೆ, ಹುರಿಯಾಕೆ ಭತ್ತ ಇಲ್ಲ.

ಎರಡನೆಯದು ಸರ್ಕಾರದ ಕಾಗದ.
ಅವನ ತಾಯಿ ಖಾಜಾಬಿಗೆ ಓದಿದವನೂ ನಾನೇ.
ಗಟ್ಟಿಯಾಗಿ ಓದಲು ಬರಲಿಲ್ಲ.
"ಯಾರ ಹೊಲದ ಜಗಳಾನಪ್ಪ ಅದು?" ಕೇಳಿದಳು.
ಆನಗೋಡು, ಅಂದೆ.
ಯಾಕೆ ಹಾಗಂದೆನೋ.
ಅವಳು ತಲೆಯಾಡಿಸಿ, ಸ್ವಲ್ಪ ಹೊತ್ತು ಬಿಟ್ಟು
ಜರಡಿ ಎತ್ತಿಕೊಂಡಳು. ಬಾಣಲೆಯಲ್ಲಿ ಮರಳು ಕಾದಿತ್ತು.