ಮೂರನೇ ಟೇಬಲ್ಲು

ಗ್ವಾಡಿ ಮ್ಯಾಲ ಎರಡು ಗಡಿಯಾರ.
ಒಂದು ನಮ್ಮದು, ಒಂದು ಅವರ ದೇಶದ್ದು.
ಇಲ್ಲಿ ಒಂಬತ್ತಾದ್ರ ಅಲ್ಲಿ ಹನ್ನೊಂದೂವರಿ.
ಪರೀಕ್ಷಾದ ಲಕೋಟಿ ಒಡಿಯೂದು ಅವರ ಗಡಿಯಾರಕ್ಕ,
ಚಹಾ ಬರೂದು ನಮ್ಮದಕ್ಕ.
ಎರಡಕ್ಕೂ ಸೆಲ್ ಹಾಕಾಂವ ನಾನು,
ಯಮನಪ್ಪ, ಅಟೆಂಡರ್, ಹೆಣ ಕೊಯ್ಯೂ ಹಾಲು.
ಹೆಸರು ಕೇಳಿ ನಗಬ್ಯಾಡ್ರಿ. ಅವ್ವ ಇಟ್ಟದ್ದು,
ನೌಕರಿ ಆಮ್ಯಾಲ ಸಿಕ್ಕಿದ್ದು.

ವಿದ್ಯಾಪೀಠ ಮಲೇಶಿಯಾದ್ದು, ನಳದ ನೀರು ರಕ್ಕಸಕೊಪ್ಪದ್ದು.
ಪುಸ್ತಕ ಅಲ್ಲೀವು, ಪ್ರಶ್ನಿ ಅಲ್ಲೀವು, ಸಿಕ್ಕಾ ಅಲ್ಲೀದು.
ಸರ್ಟಿಫಿಕೇಟಿನ್ಯಾಗ ಬೆಳಗಾವಿ ಅಂತ ಎಲ್ಲ್ಯರ ಐತೇನು ಅಂತ
ಸಾಹೇಬ್ರ ಭಿಂಗಾ ಹಿಡಿದು ಹುಡುಕಿದೆ. ಸಿಗಲಿಲ್ಲ.
ಹೆಣ ಮಾತ್ರ ಇಲ್ಲೀವು.
ಅವನ್ನ ವಿಮಾನದಾಗ ತರಾಕ ಆಗೂದಿಲ್ಲಂತ.

ಆ ವರ್ಷ ಜಿಟಿಜಿಟಿ ಮಳಿಯೊಳಗ
ಮೂರನೇ ಟೇಬಲ್ಲಿನ ಅರಿವಿ ಸರಿಸಿದೆ,
ಕೈ ಅಲ್ಲೇ ನಿಂತಿತು.
ವಡಗಾವಿ, ನಮ್ಮ ಓಣಿ ಹಿಂದಿನ ಓಣಿ,
ದ್ರೌಪದವ್ವ, ಮಗ್ಗದಾಕಿ.
ಊರ ಮಂದಿ ಮದವಿಗೆಲ್ಲ ಸೀರಿ ನೇಯ್ದು ಕೊಟ್ಟಾಕಿಗೆ
ಒಂದು ಹಸಿ ಬಿಳಿ ತುಂಡು,
ಅದೂ ಕಾಲೇಜಿಂದು.

ಫಾರ್ಮು ನಾನ ಒಯ್ದು ಕೊಟ್ಟಿದ್ದೆ.
'ಜಲ್ಮೆಲ್ಲ ಮಗ್ಗದ ಕುಣ್ಯಾಗ ಕಾಲಿಟ್ಟು ಕುಂತೀನೋ ಯಮನ್ಯಾ,
ಸತ್ತ ಮ್ಯಾಲೂ ಕುಣಿ ಯಾಕ?
ನಾಕು ಹುಡುಗ್ರು ಕಲೀಲಿ' ಅಂದು
ಹೆಬ್ಬಟ್ಟು ಒತ್ತಿ, ಅದನ್ನ ಸೆರಗಿಗೆ ಒರಸಿಕೊಂಡ್ಳು.
ಯಾವ ದೇಶದ ಹುಡುಗ್ರು ಅಂತ ಆಕಿ ಕೇಳಲಿಲ್ಲ.
ನಾನೂ ಹೇಳಲಿಲ್ಲ.

ಮೊದಲ ದಿನ ಹತ್ತು ಮಂದಿ ಸಾಲಾಗಿ ನಿಂತು
ಅಂಗೈ ಬಿಚ್ಚಿ, ತಮ್ಮ ಮಾತಿನ್ಯಾಗ ಏನೋ ಹೇಳಿದ್ರು.
ಎಲ್ಲಾ ಗಾಳಿಗೆ ಹೋತು,
ಒಂದ ಶಬ್ದ ಕಿವ್ಯಾಗ ಉಳೀತು: ಗುರು.
ಮೂರು ಸಲ ಅಂದ್ರು, ಆಕಿ ಕಡೆ ನೋಡಿ.
ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ ಆಕಿ.

ರೂಲು ಅಂದ್ರ ರೂಲು: ಹೆಸರು ಇಲ್ಲ, ನಂಬರು.
ಕಾಲಬಟ್ಟಿಗೆ ಹದಿನೇಳು ಅಂತ ಚೀಟಿ ಕಟ್ಟಿದಾಂವ ನಾನ.

ನಾಕು ತಿಂಗಳಾದ ಮ್ಯಾಲ
ಫರ್ಹಾನಾ ಅನ್ನೂ ಹುಡುಗಿ, ತಲಿಗೆ ನೀಲಿ ಸ್ಕಾರ್ಫು,
ಬಲಭುಜ ಬಿಡಿಸಿ ತಡದು ನಿಂತ್ಳು.
ಎಡದಕಿಂತ ಎರಡು ಪಾಲು ದಪ್ಪ ಮಾಂಸ,
ಪುಸ್ತಕದಾಗ ಹಿಂಗಿಲ್ಲ.
'ಇರ್ತಾವ ಹಿಂಗ ಒಂದೊಂದು' ಅಂದು ಪ್ರೊಫೆಸರ್ರು
ಮುಂದಿನ ಟೇಬಲ್ಲಿಗೆ ಹ್ವಾದ್ರು.
ನಾನು ನೆಲ ಒರಸ್ಕೋತ ಇದ್ದೆ.
ಲಾಳಿಯ ಹಗ್ಗ ಜಗ್ಗಿದ ಭುಜ ಅದು,
ದಿನಕ್ಕ ಎಷ್ಟು ಸಾವಿರ ಸಲ, ಯಾರು ಎಣಿಸ್ಯಾರ.
ಬಾಯಿತನಕ ಬಂತು. ನುಂಗಿದೆ.

ಸಂಜಿಗೆ ಎಲ್ಲಾರೂ ಹ್ವಾದ ಮ್ಯಾಲ ಆಕಿ ಒಬ್ಬಾಕಿ ಉಳಿದ್ಳು.
ಟೇಬಲ್ಲು ತೋರಿಸಿ 'ನಾಮಾ?' ಅಂದ್ಳು.
ಅವರ ಮಾತಿನ್ಯಾಗೂ ಹಂಗ ಅಂತಾರಂತ.
ಇಪ್ಪತ್ತೆರಡು ವರ್ಷದ ನೌಕರಿ, ಹುಡುಕಿದ್ರ ಒಂದು ಮೆಮೊ ಇಲ್ಲ ನನ್ನ ಮ್ಯಾಲ.
ಬಾಗಲಾ ಮುಂದ ಮಾಡಿ ಹೇಳೇಬಿಟ್ಟೆ.
ಹೆಸರು, ಓಣಿ, ಮಗ್ಗ, ಭುಜ.
'ಬಹಾಸಾ?' ಅಂದ್ಳು.
ಕನ್ನಡ, ಅಂದೆ. ಬೈಯೂವಾಗ ಮರಾಠಿ.
ನಗಲಿಲ್ಲ ಆಕಿ. ಕೈಗವಸು ತಗದು
ದಪ್ಪ ಪುಸ್ತಕದಾಗ, ಭುಜದ ಚಿತ್ರದ ಬಾಜು,
ಹಾಳಿ ಅಂಚಿನ್ಯಾಗ ತಮ್ಮ ಲಿಪಿಯೊಳಗ ಬರಕೊಂಡ್ಳು.
'ದುರೌಪದಾ... ದುರೌಪದಾವಾ...'
ನಾಲಿಗಿ ಹೊರಳವಲ್ದು.

ಅಂಚಂದ್ರ ಭಾಳ ಸಿಟ್ಟಿನಾಕಿ ಇದ್ಳು ಮುದುಕಿ.
ಅಂಚು ಕೆಟ್ರ ಸೀರಿ ಕೆಟ್ಟಂಗ ಅಂತಿದ್ಳು.

ಪದವಿ ಕೊಡೂ ದಿನ ದೊಡ್ಡ ಪರದೆ ಮ್ಯಾಲ
ಅಲ್ಲೀ ಕುಲಪತಿ ಅಲ್ಲಿಂದನ ಮಾತಾಡಿದ್ರು,
ಇಲ್ಲಿ ನಾವು ಚಪ್ಪಾಳಿ ಹೊಡದ್ವಿ.
ನಡುವ ಕರೆಂಟ್ ಹೋತು.
ಫರ್ಹಾನಾ ನನಗ ಏನೂ ಕೊಡಲಿಲ್ಲ, ನಾನೂ ಕೊಡಲಿಲ್ಲ.
ಆ ಪುಸ್ತಕ ಒಯ್ದ್ಳೋ, ರದ್ದಿಗೆ ಹಾಕಿ ಹ್ವಾದ್ಳೋ.

ಇವತ್ತ ಹೊಸ ಬ್ಯಾಚು.
ಮೂರನೇ ಟೇಬಲ್ಲಿಗೆ ಒಬ್ಬ ಗಂಡಸು,
ಗುರುತಿನಾಂವ ಅಲ್ಲ, ಬದುಕಿದೆ.
ಅವರ ಗಡಿಯಾರ ಹತ್ತು ಮಿನಿಟು ಹಿಂದ ಬಿದ್ದೈತಿ,
ಸ್ಟೂಲು ಎಲ್ಲಿಟ್ಟಾರೋ.