ಗೋದಲಿ ಸೆಟ್ಟು: ರದ್ದು

ಯೀವೂ ಊರಿಗೆ ಕ್ರಿಸ್ಮಸ್ ಬರುವುದು ಜುಲೈಯಲ್ಲಿ,
ಲಾರಿಯ ಮೇಲೆ, ಗೋಣಿಚೀಲದೊಳಗೆ, ಕೆಂಪು ಪುಡಿಯಾಗಿ.
ಥರ್ಮಾಕೋಲಿನ ನಕ್ಷತ್ರವನ್ನು ಅಂಟಿನಲ್ಲಿ ಅದ್ದಿ
ಪುಡಿಯ ತಟ್ಟೆಯಲ್ಲಿ ಹೊರಳಿಸುತ್ತೇನೆ,
ಅವ್ವ ಅಕ್ಕಿಯುಂಡೆಯನ್ನು ಸೋಯಾ ಹಿಟ್ಟಿನಲ್ಲಿ ಹೊರಳಿಸುತ್ತಿದ್ದ ಹಾಗೆ.
ದಿನಕ್ಕೆ ಮೂರು ಸಾವಿರ.
ಸಂಜೆ ಸೀನಿದರೆ ಕೆಂಪು, ಉಗುಳಿದರೆ ಕೆಂಪು,
ತಲೆದಿಂಬಿನ ಮೇಲೆ ನನ್ನ ಕೆನ್ನೆಯ ಕೆಂಪು ಅಚ್ಚು.

ಪಕ್ಕದ ಮೇಜಿನ ಶಾವ್‌ಚೀ, ಹತ್ತೊಂಬತ್ತರ ಹುಡುಗ,
ಮುಖಗವಸು ಕೆಳಗೆಳೆದು ಕೇಳಿದ:
"ಅಕ್ಕಾ, ಇಷ್ಟೊಂದು ನಕ್ಷತ್ರ ಯಾರಿಗೆ?
ಅವರ ಊರುಗಳಲ್ಲಿ ಆಕಾಶವಿಲ್ಲವೇ?"
ನಗು ಬಂತು. ಉತ್ತರ ಬರಲಿಲ್ಲ.

ಆರು ವರ್ಷ ನಾನು ಗೋದಲಿ ವಿಭಾಗದಲ್ಲಿದ್ದೆ.
ಒಂದೆಳೆ ಕೂದಲ ಕುಂಚದಲ್ಲಿ ಮರಿಯಳ ರೆಪ್ಪೆ,
ಕುರುಬನ ಗಡ್ಡ, ಕತ್ತೆಯ ಮೂಗಿನ ಹೊಳ್ಳೆ.
ಮಗುವಿಗೆ ನೀಲಿ ಕಣ್ಣು ಎಂದು ಪಟ್ಟಿಯಲ್ಲಿತ್ತು.
ಒಂದು ಮಧ್ಯಾಹ್ನ ನೀಲಿ ಮುಗಿಯಿತು;
ಇನ್ನೂರು ಯೇಸುಗಳಿಗೆ
ನನ್ನ ಮಗಳು ರೂಯಿನ್‌ಳ ಕಣ್ಣು ಇಟ್ಟೆ, ಕಪ್ಪನೆಯವು.
ಹಡಗು ಹತ್ತಿ ಹೋದವು.
ಒಂದೂ ವಾಪಸು ಬರಲಿಲ್ಲ.

ಈ ಸಲ ಮೇಸ್ತ್ರಿ ಕ್ವಾಂಗ್ ಹಾಳೆ ಹಿಡಿದು ಓದಿದ:
ಹಿಮಸಾರಂಗ ಎಂಬತ್ತು ಸಾವಿರ,
ಕುಣಿಯುವ ಗಡ್ಡದಜ್ಜ, ಬ್ಯಾಟರಿ ಸಹಿತ, ಒಂದೂವರೆ ಲಕ್ಷ,
ನಾಯಿಗೆ ತೊಡಿಸುವ ಕೆಂಪು ಟೋಪಿ, ಮೂರು ಅಳತೆಯಲ್ಲಿ.
ಗೋದಲಿ ಸೆಟ್ಟು: ರದ್ದು.
"ಹನ್ನೊಂದು ಗೊಂಬೆ, ಮೇಲೊಂದು ಕೊಟ್ಟಿಗೆ. ಬಲು ಜಾಗ ತಿನ್ನುತ್ತದೆ,
ಅಂಗಡಿಯವರು ಬೇಡ ಅನ್ನುತ್ತಾರೆ."
ಕೆಟ್ಟವನಲ್ಲ ಕ್ವಾಂಗ್. ಲೆಕ್ಕದವನು.
ಆ ಛತ್ರದವನೂ ಅಷ್ಟೇ ಇದ್ದಿರಬೇಕು:
ಬಾಗಿಲಲ್ಲಿ ನಿಂತ ಬಸುರಿಯನ್ನು ನೋಡಿದ,
ಕೋಣೆ ಎಣಿಸಿದ, ಇನ್ನೊಮ್ಮೆ ಎಣಿಸಿದ,
ಇಲ್ಲವೆಂದು ತಲೆಯಾಡಿಸಿದ.
ಅಚ್ಚುಗಳನ್ನು ಗುಜರಿಯ ಗಾಡಿಗೆ ಹೇರುವಾಗ
ನಾನೂ ಕೈಗೂಡಿಸಿದೆ. ಅದನ್ನೂ ಹೇಳಬೇಕು.

ಬೈಯುವ ಬಾಯಿ ನನಗಿಲ್ಲ, ಕರ್ತನೇ.
ಈ ಮಿನುಗು ಕಾಗದದಿಂದಲೇ ಮಗಳ ಕನ್ನಡಕ,
ಈ ನಾಯಿಯ ಟೋಪಿಯಿಂದಲೇ ಅಕ್ಕಿ, ಎಣ್ಣೆ, ಬಾಡಿಗೆ.
ಯಾರದೋ ದುಂದು ನನ್ನ ಒಲೆಯ ಉರಿ.
ಗಾಜಿನ ಅಂಗಡಿಗಳ ಮುಂದೆ ನಾನೂ ನಿಲ್ಲುತ್ತೇನೆ,
ಬೆಲೆ ಓದುತ್ತೇನೆ, ಆಸೆ ಪಡುತ್ತೇನೆ.
ಆದರೂ ಒಂದು ಮಾತು, ಕೇಳಬಾರದೇ?
ತೊಟ್ಟಿಲಿಗೆ ಇಷ್ಟೆಲ್ಲ ಸಿಂಗಾರ ಮಾಡಿದವರು
ಒಮ್ಮೆಯಾದರೂ ಬಗ್ಗಿ
ಒಳಗೆ ಯಾರಿದ್ದಾರೆ ಎಂದು ನೋಡುವುದಿಲ್ಲವೇ?

ಡಿಸೆಂಬರ್ ಇಪ್ಪತ್ತೈದು ನಮ್ಮಲ್ಲಿ ಕೆಲಸದ ದಿನ.
ಕಾರ್ಖಾನೆ ಆಗಲೇ ಫೆಬ್ರವರಿಯ ಪ್ರೇಮಿಗಳಿಗೆ
ಹೃದಯ ಹೊರಳಿಸುತ್ತಿದೆ, ಅದೇ ಪುಡಿಯಲ್ಲಿ.
ಪಾಳಿ ಮುಗಿಸಿ ರಾತ್ರಿ ಒಂಬತ್ತಕ್ಕೆ
ಶಾವಿಗೆ ಅಂಗಡಿಯ ಮೇಲಿನ ಕೋಣೆ ಸೇರಿದೆ.
ಒಂದು ಟ್ಯೂಬ್‌ಲೈಟು, ಎಂಟು ಜನ,
ಕೆಳಗಿಂದ ಏರಿ ಬರುವ ಬೆಳ್ಳುಳ್ಳಿ ಘಮ.
ಹೆಸರಿಗೊಂದು ನಕ್ಷತ್ರವೂ ಇಲ್ಲ ಅಲ್ಲಿ;
ವರ್ಷವಿಡೀ ಮಾಡುವವರಿಗೆ ನೋಡುವ ಆಸೆ ಎಲ್ಲಿಯದು?
ನಡುವೆ ಕೋಸಿನ ಮರದ ಪೆಟ್ಟಿಗೆ,
ಅದರಲ್ಲಿ ಒಂದು ಹಿಡಿ ಭತ್ತದ ಹುಲ್ಲು.
"ಮಗುವಿನ ಗೊಂಬೆ?" ಯಾರೋ ಕೇಳಿದರು.
"ಖಾಲಿ ಇರಲಿ," ಅಂದಳು ಲಿಯೆನ್ ಅಜ್ಜಿ,
"ಬರುವವರು ಬರಲಿ."

ಓದಿನ ನಡುವೆ ಮೆಟ್ಟಿಲ ಮೇಲೆ ಹೆಜ್ಜೆ.
ಶಾವ್‌ಚೀ. ಚಳಿಗೆ ಕಿವಿ ಕೆಂಪಾಗಿ,
ಒಳಗೂ ಅಲ್ಲದೆ ಹೊರಗೂ ಅಲ್ಲದೆ, ಹೊಸ್ತಿಲ ಮೇಲೆ.
"ಅಕ್ಕಾ, ಜಾಗ ಇದೆಯಾ?"

ಬೆಂಚಿನ ಕುಂಟು ಕಾಲು ಕಿರುಗುಟ್ಟಿತು.
ಸರಿದೆವು, ತೋಳಿಗೆ ತೋಳು ಒತ್ತಿ.
ಕೂತವನೇ ಸೀನಿದ.
ಅವನ ಬಿಳಿ ಕರವಸ್ತ್ರದಲ್ಲಿ
ಸಾಸಿವೆಯಷ್ಟು ಕೆಂಪು ಚುಕ್ಕಿ.
ಅಜ್ಜಿ ಕನ್ನಡಕ ಏರಿಸಿ ಅದನ್ನು ನೋಡಿದಳು, ನಕ್ಕಳು,
ನಿಲ್ಲಿಸಿದ್ದ ಕತೆಯನ್ನು
ಮತ್ತೆ ಮೊದಲಿನಿಂದ ಓದಿದಳು.